ಯಾರ ಮೈಕಟ್ಟು ನಮಗೆ ಮಾದರಿ? ಹಳೇ ಚಾಂಪಿಯನ್‌ಗಳು, ಹಳೇ ತರಬೇತಿ, ಒಂದಿಷ್ಟು ಜಗಳ

ಹಳೇ ಬಾರ್‌ಬೆಲ್ (ದಾವಣಗೆರೆ)

ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಆಮೇಲೆ ಬೈಯಬಹುದು. ಜಿಮ್‌ಗೆ ಹೋಗುವ ಹುಡುಗರು ಯಾರನ್ನಾದರೂ ಮಾದರಿ ಅಂತ ಇಟ್ಟುಕೊಳ್ಳುವುದಾದರೆ 1958ಕ್ಕಿಂತ ಮುಂಚಿನ ದೇಹದಾರ್ಢ್ಯ (ಬಾಡಿಬಿಲ್ಡಿಂಗ್) ಚಾಂಪಿಯನ್‌ಗಳನ್ನು ಇಟ್ಟುಕೊಳ್ಳಿ. ಆಮೇಲಿನವರನ್ನು ನೋಡಿ, ಮೆಚ್ಚಿ, ಶಿಳ್ಳೆ ಹೊಡೆಯಿರಿ. ಗುರಿ ಮಾತ್ರ ಮಾಡಿಕೊಳ್ಳಬೇಡಿ.

1958 ಯಾಕೆ? ಆ ವರ್ಷ ಅಮೆರಿಕದಲ್ಲಿ ಸೀಬಾ ಕಂಪನಿಯ ಡಯಾನಬಾಲ್ ಎಂಬ, ಸ್ನಾಯು ಬೆಳೆಸುವ ಸ್ಟೆರಾಯ್ಡ್ ಮಾತ್ರೆ ಮಾರಾಟಕ್ಕೆ ಬಂತು. ಜಾನ್ ಜೀಗ್ಲರ್ ಎಂಬ ಡಾಕ್ಟರ್ ಅದನ್ನು ಪೆನ್ಸಿಲ್ವೇನಿಯಾದ ಯಾರ್ಕ್ ಊರಿನ ವೇಟ್‌ಲಿಫ್ಟರ್‌ಗಳಿಗೆ ಕೊಟ್ಟು ನೋಡಿದರು. ಅಲ್ಲಿಂದ ಮುಂದೆ ಅಳತೆಗೋಲೇ ಬದಲಾಯಿತು. ನಾನು ಎಂಬತ್ತು, ತೊಂಬತ್ತರ ದಶಕದಲ್ಲಿ ರಾಜ್ಯ ಮಟ್ಟದ ದೇಹದಾರ್ಢ್ಯ ಸ್ಪರ್ಧೆಗಳಲ್ಲಿ ಸ್ಟೇಜ್ ಹತ್ತಿದವನು. ಎಣ್ಣೆ ಹಚ್ಚಿಕೊಳ್ಳುವ ಕೋಣೆಯಲ್ಲಿ ಬೇರೆ ಏನೇನು ನಡೆಯುತ್ತದೆ ಅಂತ ಗೊತ್ತು. ಹಾಗಾಗಿ ಇದು ಬರೀ ಓದಿ ಹೇಳುವ ಮಾತಲ್ಲ.

'ಒಳ್ಳೆ ಮೈಕಟ್ಟು' ಅಂದರೆ ಏನು ಅನ್ನುವುದಕ್ಕೆ ಹಿಂದೆ ಒಂದು ಉತ್ತರ ಇತ್ತು. ಯೂಜೀನ್ ಸ್ಯಾಂಡೋ, 1867ರಲ್ಲಿ ಪ್ರಶ್ಯಾದಲ್ಲಿ ಹುಟ್ಟಿದ ಮನುಷ್ಯ, ಗ್ರೀಕ್ ಶಿಲ್ಪಗಳ ಅಳತೆಯನ್ನೇ ತನ್ನ ಮೈಗೆ ಗುರಿ ಮಾಡಿಕೊಂಡಿದ್ದ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ಸ್ಪರ್ಧೆ ಇಟ್ಟ. ತೀರ್ಪುಗಾರರು ಯಾರು ಗೊತ್ತಾ? ಸ್ಯಾಂಡೋ, ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್, ಮತ್ತೆ ಚಾರ್ಲ್ಸ್ ಲಾಸ್ ಎಂಬ ಶಿಲ್ಪಿ. ತೀರ್ಪಿಗೆ ಶಿಲ್ಪಿಯನ್ನು ಕೂರಿಸಿದ್ದಾರೆ ನೋಡಿ! ನನಗೆ ಇದೇ ಇಷ್ಟ. ದೊಡ್ಡ ತೋಳಿಗೆ ಮಾತ್ರ ಅಂಕ ಇರಲಿಲ್ಲ. ಮೈಯೆಲ್ಲ ಸಮವಾಗಿ ಬೆಳೆದಿದೆಯಾ, ಆರೋಗ್ಯ ಹೇಗಿದೆ, ಚರ್ಮ ಹೇಗಿದೆ ಅಂತಲೂ ನೋಡಿದರು. ಗೆದ್ದವನು ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ. ಇವತ್ತು ಅವನ ಫೋಟೋ ತೋರಿಸಿದರೆ ನಮ್ಮ ಜಿಮ್ ಹುಡುಗರು "ಇವನು ಈಗಷ್ಟೇ ಸೇರಿದ್ದಾನಾ?" ಅಂತಾರೆ.

ನಮ್ಮ ಬೆಂಗಳೂರಿನಲ್ಲೂ ಅದೇ ಗ್ರೀಕ್ ಮಾದರಿ ಹಿಡಿದವರಿದ್ದರು, ಪ್ರೊ. ಕೆ.ವಿ. ಅಯ್ಯರ್. 'ಶಾಂತಲಾ' ಕಾದಂಬರಿ ಬರೆದವರು ಅಂತ ಎಲ್ಲರಿಗೂ ಗೊತ್ತು. ಜೆ.ಸಿ. ರಸ್ತೆಯ ವ್ಯಾಯಾಮಶಾಲೆ ಅವರದ್ದು ಅಂತ ಎಷ್ಟು ಜನಕ್ಕೆ ಗೊತ್ತು? ಬಾರ್‌ಬೆಲ್, ಸೂರ್ಯನಮಸ್ಕಾರ, ಆಸನ ಮೂರನ್ನೂ ಒಟ್ಟಿಗೆ ಸೇರಿಸಿ ಕಲಿಸಿದರು. ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ಇವತ್ತಿನ ಆನ್‌ಲೈನ್ ಕೋಚಿಂಗ್ ಇದ್ದ ಹಾಗೆ, ಆದರೆ ಸ್ಟಾಂಪ್ ಹಚ್ಚಿ. ಅವರ ಹಳೇ ಫೋಟೋ ಸಿಕ್ಕರೆ ನೋಡಿ. ಸೊಂಟ ಹೇಗಿದೆ, ಎದೆ ಹೇಗೆ ಎದ್ದಿದೆ, ಎಲ್ಲೂ ಒಂದು ಭಾಗ ಇನ್ನೊಂದನ್ನು ಮುಚ್ಚಿಲ್ಲ.

ಇನ್ನು ಸ್ಟೀವ್ ರೀವ್ಸ್. 1947ರ ಮಿಸ್ಟರ್ ಅಮೆರಿಕ, 1950ರ ಮಿಸ್ಟರ್ ಯೂನಿವರ್ಸ್. ಆರಡಿ ಒಂದಿಂಚು ಎತ್ತರ. ಅವನ ಹಠ ಏನೆಂದರೆ ಕುತ್ತಿಗೆ, ತೋಳು, ಮೀನಖಂಡ ಮೂರೂ ಒಂದೇ ಸುತ್ತಳತೆ ಇರಬೇಕು. ಅವನದ್ದು ಮೂರೂ ಹದಿನೆಂಟೂವರೆ ಇಂಚಿನ ಆಸುಪಾಸು. ಸ್ನಾಯುವಿನ ಅಳತೆಯನ್ನು ಮೂಳೆಯಿಂದ ಲೆಕ್ಕ ಹಾಕಬೇಕು ಅನ್ನುತ್ತಿದ್ದ. ಮಣಿಕಟ್ಟಿನ ಸುತ್ತಳತೆಯ 252 ಪರ್ಸೆಂಟ್ ತೋಳು. ಕಾಲಿನ ಹರಡಿನ 192 ಪರ್ಸೆಂಟ್ ಮೀನಖಂಡ. ಮಂಡಿಯ 175 ಪರ್ಸೆಂಟ್ ತೊಡೆ. ಮೂಳೆ ಸಣ್ಣ ಇದ್ದರೆ ಗುರಿಯೂ ಸಣ್ಣ. ನಾನು ಈ ಪೋಸ್ಟ್ ಹಾಕಿದ್ದೇ ಇದನ್ನು ಹೇಳುವುದಕ್ಕೆ. ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಸಣ್ಣ ಮಣಿಕಟ್ಟು. ಇಪ್ಪತ್ತು ಇಂಚಿನ ತೋಳು ಆ ಮೂಳೆಯ ಮೇಲೆ ಬರುವುದಿಲ್ಲ. ಬರಿಸಲೇಬೇಕು ಅಂತ ಹೊರಟವರು ಸ್ಟೆರಾಯ್ಡ್ ಸೂಜಿ ಹತ್ತಿರ ಹೋಗುತ್ತಾರೆ.

ತೂಕ ಹೇಗೆ ಏರಿತು ನೋಡಿ. 1977, 78, 79ರಲ್ಲಿ ಮಿಸ್ಟರ್ ಒಲಿಂಪಿಯಾ (ದೇಹದಾರ್ಢ್ಯದ ಅತಿ ದೊಡ್ಡ ವೃತ್ತಿಪರ ಪಟ್ಟ) ಗೆದ್ದ ಫ್ರಾಂಕ್ ಝೇನ್ ಸ್ಟೇಜ್ ಮೇಲೆ ಸುಮಾರು 84 ಕಿಲೋ. ಅವನಿಗಿಂತ ಒಂದೆರಡು ಇಂಚು ಮಾತ್ರ ಎತ್ತರ ಇದ್ದ ರಾನಿ ಕೋಲ್ಮನ್ 2000ದ ದಶಕದಲ್ಲಿ 130 ಕಿಲೋ ದಾಟಿದ. ಇಬ್ಬರಿಗೂ ಅದೇ ಪಟ್ಟ, ಬಹುಮಾನಕ್ಕೆ ಅದೇ ಸ್ಯಾಂಡೋ ಮೂರ್ತಿ. ಆ ಮೂರ್ತಿಗೆ ಬಾಯಿ ಇದ್ದಿದ್ದರೆ ಏನನ್ನುತ್ತಿತ್ತೋ.

ತರಬೇತಿ ಬಗ್ಗೆ ಕೆಳಗೆ ಬರೆಯುತ್ತೇನೆ. ಮೊದಲು ನೀವು ಹೇಳಿ.

ಕುಡ್ಲ ಐರನ್

ಅಂಕಲ್, ನಮಸ್ಕಾರ. ಬರೆದಿದ್ದು ಚೆನ್ನಾಗಿದೆ, ಆದರೆ ನಮ್ಮ ತಲೆಮಾರಿಗೆ ಸ್ವಲ್ಪ ಅನ್ಯಾಯ ಆಯ್ತು. 2016ರಿಂದ ಒಲಿಂಪಿಯಾದಲ್ಲಿ ಕ್ಲಾಸಿಕ್ ಫಿಸಿಕ್ ಅಂತ ಬೇರೆ ವಿಭಾಗವೇ ಇದೆ. ಎತ್ತರಕ್ಕೆ ತಕ್ಕ ತೂಕದ ಮಿತಿ ಇದೆ. ಕ್ರಿಸ್ ಬಮ್‌ಸ್ಟೆಡ್ 2019ರಿಂದ 2024ರವರೆಗೆ ಆರು ಸಲ ಸತತ ಗೆದ್ದ. ಸಣ್ಣ ಸೊಂಟ, ಹೊಟ್ಟೆ ಒಳಗೆ ಎಳೆಯುವ ವ್ಯಾಕ್ಯೂಮ್ ಪೋಸ್, ಎಲ್ಲ ವಾಪಸ್ ಬಂತು. ಇವತ್ತು ನನ್ನ ಜಿಮ್‌ನಲ್ಲಿ ಕೇಳಿದರೆ ತೂಕದ ಮಿತಿ ಇಲ್ಲದ ಓಪನ್ ವಿಭಾಗದ ಚಾಂಪಿಯನ್ ಹೆಸರು ಅರ್ಧ ಜನಕ್ಕೆ ಗೊತ್ತಿಲ್ಲ, ಸಿಬಮ್ (ಬಮ್‌ಸ್ಟೆಡ್‌ನ ಅಡ್ಡಹೆಸರು) ಎಲ್ಲರಿಗೂ ಗೊತ್ತು. ಅಂದರೆ ಜನಕ್ಕೆ ಬೇಕಿರುವುದು ಹಳೇ ಲುಕ್ಕೇ ಅಲ್ವಾ?

ಹಳೇ ಬಾರ್‌ಬೆಲ್ (ದಾವಣಗೆರೆ)

ಅದು ಒಳ್ಳೆಯದೇ ಆಯ್ತು ಮಗಾ, ನನಗೂ ಖುಷಿ. 2015ರಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ತನ್ನದೇ ಹೆಸರಿನ ಸ್ಪರ್ಧೆಯ ಹೊತ್ತಿಗೆ ಬಹಿರಂಗವಾಗಿ ಬೇಸರ ಹೇಳಿಕೊಂಡಿದ್ದ. ಮೈ ವಿ ಆಕಾರದಲ್ಲಿ ಇರಬೇಕಾದದ್ದು ಬಾಟಲಿ ಆಕಾರ ಆಗಿದೆ ಅನ್ನುವ ಅರ್ಥದಲ್ಲಿ. ಮಾರನೇ ವರ್ಷ ಈ ವಿಭಾಗ ಬಂತು.

ಆದರೆ ಒಂದು ವಿಷಯ ಮರೆಯಬೇಡ. ಕ್ಲಾಸಿಕ್ ಅಂದರೆ ಔಷಧಿ ಇಲ್ಲ ಅಂತಲ್ಲ. ಬಮ್‌ಸ್ಟೆಡ್‌ಗೂ ರೀವ್ಸ್‌ಗೂ ಹತ್ತಿರ ಹತ್ತಿರ ಒಂದೇ ಎತ್ತರ. ಇವನ ತೂಕ ಜಾಸ್ತಿ, ಮೈಮೇಲಿನ ಕೊಬ್ಬು ರೀವ್ಸ್‌ಗಿಂತ ಕಡಿಮೆ. ಆ ಎರಡೂ ಒಟ್ಟಿಗೆ ಹೇಗೆ ಬರುತ್ತವೆ ಅಂತ ನೀನೇ ಯೋಚಿಸು. ಆಕಾರ ನೋಡಿ ಕಲಿ. ಕಿಲೋ ನೋಡಬೇಡ.

ಅಂಕಿ ಕೇಳುವವ

ಸರ್, 1958ರ ಗೆರೆ ಸ್ವಲ್ಪ ಅನುಕೂಲಕ್ಕೆ ಎಳೆದ ಹಾಗಿದೆ. ಸ್ನಾಯು ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಅದನ್ನು ಮಾಡಿದ ಬುಟೆನಾಂಟ್ ಮತ್ತು ರುಝಿಕಾಗೆ 1939ರ ನೊಬೆಲ್ ಬಂತು. ಅಂದಮೇಲೆ ನಲವತ್ತರ ದಶಕದಲ್ಲಿ ಯಾರೂ ಮುಟ್ಟಲಿಲ್ಲ ಅಂತ ಹೇಗೆ ಹೇಳುತ್ತೀರಿ? ರೀವ್ಸ್ ಶುದ್ಧ ಅಂತ ಎದೆ ತಟ್ಟಿ ಹೇಳಲು ಯಾರ ಬಳಿ ರಕ್ತ ಪರೀಕ್ಷೆ ಇದೆ?

ಹಳೇ ಬಾರ್‌ಬೆಲ್ (ದಾವಣಗೆರೆ)

ರೀವ್ಸ್ ಶುದ್ಧ ಅಂತ ನಾನು ಆಣೆ ಮಾಡಿಲ್ಲ. ಎಲ್ಲ ಜಿಮ್‌ಗೂ ಮಾತ್ರೆ ಸಲೀಸಾಗಿ ಸಿಗುವ ಕಾಲ ಯಾವಾಗ ಶುರುವಾಯಿತು ಅನ್ನುವುದು ನನ್ನ ಗೆರೆ. ನಿಮಗೆ ಇನ್ನೂ ಗಟ್ಟಿ ಗೆರೆ ಬೇಕಾದರೆ 1935ಕ್ಕೇ ಎಳೆಯಿರಿ. ಆಗಲೂ ಸ್ಯಾಂಡೋ ಉಳಿಯುತ್ತಾನೆ. ಅಯ್ಯರ್ ಅವರ ಇಪ್ಪತ್ತರ ದಶಕದ ಮೈಕಟ್ಟು ಉಳಿಯುತ್ತದೆ. ಜಾನ್ ಗ್ರಿಮೆಕ್ ಉಳಿಯುತ್ತಾನೆ ಅನ್ನುವುದು ನನ್ನ ಅಂದಾಜು.

ಗ್ರಿಮೆಕ್ ಬಗ್ಗೆ ಎರಡು ಮಾತು ಹೇಳಲೇಬೇಕು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಭಾರ ಎತ್ತಿದವನು. 1940, 41 ಎರಡೂ ವರ್ಷ ಮಿಸ್ಟರ್ ಅಮೆರಿಕ. ಇವನು ಇದ್ದರೆ ಬೇರೆಯವರಿಗೆ ಸಿಗುವುದಿಲ್ಲ ಅಂತ, ಒಬ್ಬನಿಗೆ ಒಂದೇ ಸಲ ಅಂತ ನಿಯಮ ತಂದರು. 1948ರಲ್ಲಿ ಲಂಡನ್ನಿನಲ್ಲಿ ಮಿಸ್ಟರ್ ಯೂನಿವರ್ಸ್‌ಗೆ ಇಳಿದಾಗ ಇವನಿಗೆ ಮೂವತ್ತೆಂಟರ ಹತ್ತಿರ, ರೀವ್ಸ್‌ಗೆ ಇಪ್ಪತ್ತೆರಡು. ಗೆದ್ದಿದ್ದು ಗ್ರಿಮೆಕ್. ಪೋಸಿಂಗ್ ನಡುವೆ ಕಾಲು ಚಾಚಿ ಸ್ಪ್ಲಿಟ್ ಮಾಡುವವನು. ಭಾರ ಎತ್ತಿದರೆ ಮೈ ಬಿಗಿಯುತ್ತದೆ, ಬಗ್ಗುವುದಿಲ್ಲ ಅನ್ನುವ ನಂಬಿಕೆ ಆಗ ಗಟ್ಟಿ ಇತ್ತು. ಅದನ್ನು ಸ್ಟೇಜ್ ಮೇಲೇ ಸುಳ್ಳು ಮಾಡಿದ. ನನ್ನನ್ನು ಕೇಳಿದರೆ ರೀವ್ಸ್ ನೋಡುವುದಕ್ಕೆ, ಗ್ರಿಮೆಕ್ ಅನುಸರಿಸುವುದಕ್ಕೆ. 88 ವರ್ಷ ಬದುಕಿದ.

ಮೈಸೂರು ಮಟ್ಟಿ

ಯಜಮಾನರೇ, ಗ್ರೀಕ್ ಶಿಲ್ಪ, ಲಂಡನ್ ಎಲ್ಲ ಆಯ್ತು. ನಮ್ಮ ಗರಡಿ ಮನೆಗಳಲ್ಲಿ ಒಂದು ಮಾದರಿ ಇತ್ತಲ್ಲ, ಅದು ಎಲ್ಲಿ ಹೋಯ್ತು? ಸಾಮು ತೆಗೆದ ಮೈ ಬೇರೆ ಥರ. ದಪ್ಪ ಕುತ್ತಿಗೆ, ಗಟ್ಟಿ ಸೊಂಟ, ಬಸ್ಕಿ ಹೊಡೆದು ಬೆಳೆದ ತೊಡೆ. ಹೊಟ್ಟೆ ಸ್ವಲ್ಪ ಇದ್ದರೂ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಉಸ್ತಾದರು ಕನ್ನಡಿ ಇಡುತ್ತಿರಲಿಲ್ಲ. ಎದುರಾಳಿಯನ್ನು ಎಷ್ಟು ಹೊತ್ತು ತಡೆಯುತ್ತೀಯ ಅಂತ ನೋಡುತ್ತಿದ್ದರು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದ್ದೀರಲ್ಲ, ಅವರಲ್ಲಿ ಯಾರಿಗೆ ಸಿಕ್ಸ್ ಪ್ಯಾಕ್ ಇದೆ? ಮೈಗೆ ಒಂದು ಕೆಲಸ ಇರಬೇಕು. ಸುಮ್ನೆ ನಿಂತು ತೋರಿಸುವುದೇ ಕೆಲಸ ಅಂದರೆ ನನಗೆ ಅಷ್ಟು ರುಚಿಸುವುದಿಲ್ಲ.

ತಾಲೀಮು ಮನಿ (ಬಾಗಲಕೋಟೆ)

ಮೈಸೂರಿನವರು ಬರೋಬ್ಬರಿ ಹೇಳಿದರು. ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿರಿ. ಹಿಡಿ ಇಲ್ಲ, ರಾಡ್ ಇಲ್ಲ, ಉರುಟು ಕಲ್ಲು. ಮೊದಲು ತೊಡೆ ಮೇಲೆ, ಆಮೇಲೆ ಎದೆಗೆ, ಅಲ್ಲಿಂದ ಹೆಗಲಿಗೆ. ಅಂಗಿ ಹಾಕಿದರೆ ಅವರು ಸಾದಾ ರೈತರ ಹಂಗ ಕಾಣತಾರ. ಬೈಸೆಪ್ ತೋರಿಸು ಅಂದರೆ ನಾಚಿಕೊಳ್ಳುತ್ತಾರೆ.

ಹಳೇ ಬಾರ್‌ಬೆಲ್ (ದಾವಣಗೆರೆ)

ಗರಡಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಕುಸ್ತಿ ಬೇರೆ, ದೇಹದಾರ್ಢ್ಯ ಬೇರೆ. ಕುಸ್ತಿಪಟುವಿಗೆ ಮೈ ಸಾಧನ. ನಮಗೆ ಮೈಯೇ ಕೃತಿ. ನಾಟಕದವರನ್ನು 'ನೀನು ನಿಜವಾಗಿ ರಾಜನಾ?' ಅಂತ ಯಾರಾದರೂ ಕೇಳುತ್ತಾರಾ? ಅಂದ ಹಾಗೆ ಅಯ್ಯರ್ ಅವರಿಗೆ ನಾಟಕದ ಹುಚ್ಚೂ ಇತ್ತು, ಕೈಲಾಸಂ ಅವರ ಆಪ್ತ ಗೆಳೆಯರು. ವ್ಯಾಯಾಮಶಾಲೆ ಮತ್ತು ರಂಗಭೂಮಿ ಒಂದೇ ಮನುಷ್ಯನ ಎರಡು ಪ್ರೀತಿ. ನನಗೆ ಅದು ವಿಚಿತ್ರ ಅನ್ನಿಸುವುದೇ ಇಲ್ಲ.

ಭಾರತದ ಮೊದಲ ದೊಡ್ಡ ಚಾಂಪಿಯನ್‌ಗಳು ಬಂದಿದ್ದೂ ಇಂಥ ವ್ಯಾಯಾಮಶಾಲೆಗಳಿಂದಲೇ. ಬಂಗಾಳದ ಮನೋತೋಷ್ ರಾಯ್ 1951ರಲ್ಲಿ ಮಿಸ್ಟರ್ ಯೂನಿವರ್ಸ್‌ನಲ್ಲಿ ತನ್ನ ವಿಭಾಗ ಗೆದ್ದರು. ಮಾರನೇ ವರ್ಷ ಮನೋಹರ್ ಐಚ್. ಎತ್ತರ ನಾಲ್ಕಡಿ ಹನ್ನೊಂದು ಇಂಚು! ಬ್ರಿಟಿಷರ ವಾಯುಪಡೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅಧಿಕಾರಿಯ ಜೊತೆ ಜಗಳವಾಗಿ ಜೈಲು ಸೇರಿದರು. ಜೈಲಿನಲ್ಲೇ ಮೈ ಕಟ್ಟಿದರು. ಅಲ್ಲಿ ಏನು ಮೆಷಿನ್ ಇತ್ತು? ಮೈಯ ಭಾರ, ಸಿಕ್ಕಿದ್ದು ಎತ್ತುವುದು, ತಪ್ಪದೆ ಮಾಡುವುದು. 1912ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡರು, 104 ವರ್ಷ. ಪಾಕೆಟ್ ಹರ್ಕ್ಯುಲಿಸ್ ಅಂತ ಕರೆಯುತ್ತಿದ್ದರು. ಕುಳ್ಳಗಿರುವ ಹುಡುಗರು ಆರ್ನಾಲ್ಡ್ ಫೋಟೋ ನೋಡಿ ಕೊರಗುವ ಬದಲು ಇವರನ್ನು ನೋಡಿ. ಆಮೇಲೆ 1988ರಲ್ಲಿ ಪಂಜಾಬಿನ ಪ್ರೇಮ್‌ಚಂದ್ ಡೇಗ್ರಾ 80 ಕಿಲೋ ವಿಭಾಗದಲ್ಲಿ ವಿಶ್ವ ಪಟ್ಟ ಗೆದ್ದರು. ನಮ್ಮ ಕಾಲದಲ್ಲಿ ಅವರ ಫೋಟೋ ಇಲ್ಲದ ಜಿಮ್ ಕಡಿಮೆ.

ಲಿಫ್ಟರ್ ಅಕ್ಕ

ಇಷ್ಟುದ್ದ ಚರ್ಚೆಯಲ್ಲಿ ಒಬ್ಬ ಹೆಂಗಸಿನ ಹೆಸರೂ ಬಂದಿಲ್ಲ. ಗಮನಿಸಿದ್ದೇನೆ ಸರ್ 🙂

'ಆದರ್ಶ ಮೈಕಟ್ಟು' ಅನ್ನುವುದನ್ನು ಯಾರು ತೀರ್ಮಾನಿಸುತ್ತಾರೆ ಅಂತ ತಿಳಿಯಬೇಕಾದರೆ ಮಹಿಳಾ ವಿಭಾಗದ ಕತೆ ನೋಡಿ. 1980ರಲ್ಲಿ ಮೊದಲ ಮಿಸ್ ಒಲಿಂಪಿಯಾ, ಗೆದ್ದಿದ್ದು ರೇಚಲ್ ಮೆಕ್‌ಲಿಶ್. 84ರಿಂದ 89ರವರೆಗೆ ಕೋರಿ ಎವರ್ಸನ್. ಆಮೇಲೆ ಮೈ ದೊಡ್ಡದಾಗುತ್ತಾ ಹೋಯಿತು, ತೀರ್ಪುಗಾರರೇ ಅದಕ್ಕೆ ಅಂಕ ಕೊಟ್ಟರು. ಆಮೇಲೆ ಅವರಿಗೇ ಗಾಬರಿಯಾಯಿತು. 2004ರ ಕೊನೆಗೆ ಅಂತರರಾಷ್ಟ್ರೀಯ ದೇಹದಾರ್ಢ್ಯ ಒಕ್ಕೂಟ ಒಂದು ಸೂಚನೆ ಕಳಿಸಿತು: ಮಹಿಳೆಯರು ಸ್ನಾಯುವಿನ ಗಾತ್ರ 20 ಪರ್ಸೆಂಟ್ ಇಳಿಸಿಕೊಂಡು ಬನ್ನಿ. 20 ಪರ್ಸೆಂಟ್! ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡಿದ ಹಾಗೆ. ಐರಿಸ್ ಕೈಲ್ ಹತ್ತು ಸಲ ಗೆದ್ದಳು, ಗಂಡಸರಲ್ಲಿ ಯಾರೂ ಅಷ್ಟು ಗೆದ್ದಿಲ್ಲ. 2014ರ ನಂತರ ಸ್ಪರ್ಧೆಯನ್ನೇ ನಿಲ್ಲಿಸಿದರು. 2020ರಲ್ಲಿ ವಾಪಸ್ ತಂದರು.

ಅದಕ್ಕೇ ಶಿಲ್ಪದ ಅಳತೆ, ಮಣಿಕಟ್ಟಿನ ಅಳತೆ ಎಲ್ಲ ಕೇಳುವಾಗ ನನಗೆ ಒಂದು ಅನುಮಾನ. ಅಳತೆ ಪಟ್ಟಿ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಆದರ್ಶ ಬದಲಾಗುತ್ತದೆ. ನಾನು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಮಾಡುವುದು ಎಷ್ಟು ಕಿಲೋ ಎದ್ದಿತು ಅಂತ. ಕಿಲೋಗೆ ತೀರ್ಪುಗಾರರು ಬೇಕಿಲ್ಲ.

ಹಳೇ ಬಾರ್‌ಬೆಲ್ (ದಾವಣಗೆರೆ)

ಮೇಡಂ, ನೀವು ಹೇಳಿದ್ದು ಗಂಡಸರ ವಿಭಾಗಕ್ಕೂ ಹೊಂದುತ್ತದೆ. 1972ರಲ್ಲಿ ಜರ್ಮನಿಯ ಎಸ್ಸೆನ್‌ನಲ್ಲಿ ನಡೆದ ಮಿಸ್ಟರ್ ಒಲಿಂಪಿಯಾ ಆರ್ನಾಲ್ಡ್ ಗೆದ್ದ, ಸೆರ್ಜಿಯೋ ಒಲಿವಾ ಸೋತ. ಒಲಿವಾ ಗೆಲ್ಲಬೇಕಿತ್ತು ಅಂತ ಇವತ್ತಿಗೂ ಜಗಳ ಆಡುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ. ಕ್ಯೂಬಾದಿಂದ ಬಂದ ಮನುಷ್ಯ. ಅಷ್ಟು ಸಣ್ಣ ಸೊಂಟದ ಮೇಲೆ ಅಷ್ಟು ದೊಡ್ಡ ಮೈ ನಾನು ಬೇರೆ ಯಾರಲ್ಲೂ ನೋಡಿಲ್ಲ. ಎರಡೂ ಕೈ ಮೇಲೆತ್ತಿ ನಿಂತರೆ ತಲೆ ಸಣ್ಣದಾಗಿ ಕಾಣುತ್ತಿತ್ತು. 1980ರ ಸಿಡ್ನಿ ಅಂತೂ ಇನ್ನೂ ಕೆಟ್ಟದು. ಐದು ವರ್ಷ ಬಿಟ್ಟಿದ್ದ ಆರ್ನಾಲ್ಡ್ ಬಂದು ಗೆದ್ದ, ಮೈಕ್ ಮೆಂಟ್ಜರ್ ಐದನೇ ಜಾಗ. ಮೆಂಟ್ಜರ್ ಮತ್ತೆ ಸ್ಪರ್ಧಿಸಲೇ ಇಲ್ಲ.

ಆದರೂ ಮಣಿಕಟ್ಟಿನ ಲೆಕ್ಕವನ್ನು ನಾನು ಬಿಡುವುದಿಲ್ಲ. ಅದರಲ್ಲಿ ತೀರ್ಪುಗಾರರು ಇಲ್ಲ, ನಿಮ್ಮ ಮೂಳೆ ಮಾತ್ರ ಇದೆ.

ಹೊಸಬ

ಸರ್, ಆ ಲೆಕ್ಕ ನನಗೆ ಸ್ವಲ್ಪ ಬಿಡಿಸಿ ಹೇಳಿ. ನನ್ನ ಮಣಿಕಟ್ಟು ಆರೂವರೆ ಇಂಚು. 65 ಕಿಲೋ. ನನ್ನ ಟ್ರೇನರ್ 17 ಇಂಚು ತೋಳು ಆರು ತಿಂಗಳಲ್ಲಿ ಮಾಡಿಸುತ್ತೇನೆ ಅಂತಾರೆ.

ಹಳೇ ಬಾರ್‌ಬೆಲ್ (ದಾವಣಗೆರೆ)

ಆರು ತಿಂಗಳಲ್ಲಿ 17 ಇಂಚು ಅಂದವರ ಹತ್ತಿರ 'ಹೇಗೆ' ಅಂತ ಕೇಳು. ಉತ್ತರದಲ್ಲಿ ಔಷಧಿ ಬಾಟಲಿ ಬಂದರೆ ಜಿಮ್ ಬದಲಾಯಿಸು.

ರೀವ್ಸ್ ಲೆಕ್ಕದಲ್ಲಿ ನಿನ್ನ ತೋಳು 16.4 ಇಂಚು. ಅದು ತುದಿ, ಬಹಳ ವರ್ಷದ ದುಡಿಮೆ. ಇನ್ನೊಂದು ಹಳೇ ಲೆಕ್ಕ ವ್ಯಾಯಾಮದ ಬರಹಗಾರ ಜಾನ್ ಮೆಕಲಮ್ ಅವರದ್ದು, ನನಗೆ ಅದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಮಣಿಕಟ್ಟನ್ನು ಆರೂವರೆಯಿಂದ ಗುಣಿಸಿದರೆ ಎದೆ. ನಿನಗೆ 42 ಕಾಲು ಇಂಚು. ಎದೆಯ 70 ಪರ್ಸೆಂಟ್ ಸೊಂಟ, ಅಂದರೆ ಇಪ್ಪತ್ತೊಂಬತ್ತೂವರೆ. 36 ಪರ್ಸೆಂಟ್ ತೋಳು, 15.2 ಇಂಚು. 53 ಪರ್ಸೆಂಟ್ ತೊಡೆ. 34 ಪರ್ಸೆಂಟ್ ಮೀನಖಂಡ. ಈ ಅಳತೆ ಇರುವವನು ಟೀ ಶರ್ಟ್ ಹಾಕಿ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಡೆದರೆ ಜನ ತಿರುಗಿ ನೋಡುತ್ತಾರೆ. ಮೊಬೈಲ್‌ನಲ್ಲಿ ಮಾತ್ರ ಸಣ್ಣದು.

ಲ್ಯಾರಿ ಸ್ಕಾಟ್ ಕತೆ ಕೇಳು. ಅವನ ಭುಜದ ಮೂಳೆ ಅಗಲ ಇರಲಿಲ್ಲ. ಮೂಳೆ ಅಗಲ ಮಾಡುವುದಕ್ಕೆ ಆಗುತ್ತದಾ? ಪಕ್ಕದ ಭುಜದ ಸ್ನಾಯು ಬೆಳೆಸಿ ಅಗಲ ಕಾಣುವ ಹಾಗೆ ಮಾಡಿದ. 1965ರಲ್ಲಿ ಮೊಟ್ಟಮೊದಲ ಮಿಸ್ಟರ್ ಒಲಿಂಪಿಯಾ ಅವನೇ, 66ರಲ್ಲೂ ಅವನೇ. ಇವತ್ತು ಎಲ್ಲ ಜಿಮ್‌ನಲ್ಲೂ ಇರುವ ಆ ಓರೆ ಹಲಗೆಯ ಬೈಸೆಪ್ ಕರ್ಲ್‌ಗೆ ಸ್ಕಾಟ್ ಕರ್ಲ್ ಅಂತ ಹೆಸರು ಬಂದದ್ದು ಅವನಿಂದ. ಅವನ ಗುರು ವಿನ್ಸ್ ಗಿರೊಂಡಾ. ಮಹಾ ಸಿಡುಕ ಅಂತ ಹೆಸರು. ಹೆಗಲ ಮೇಲೆ ರಾಡ್ ಇಟ್ಟು ಕೂತು ಏಳುವ ಸ್ಕ್ವಾಟ್ ಮಾಡಿದರೆ ಸೊಂಟದ ಕೆಳಗೆ ಅಗಲವಾಗುತ್ತದೆ ಅಂತ ಬೇಡ ಅನ್ನುತ್ತಿದ್ದ. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಯಾವ ವ್ಯಾಯಾಮ ಮಾಡಿದರೂ ಮೈಯ ಗೆರೆ ಏನಾಗುತ್ತದೆ ಅಂತ ಕೇಳಿಕೊಳ್ಳುವ ಅವನ ಬುದ್ಧಿ ಇವತ್ತಿನವರಿಗೆ ಬೇಕು.

ಲೀಡ್ಸ್ ಕನ್ನಡಿಗ

ನಮ್ಮೂರ ಹೆಸರು ಇನ್ನೂ ಬಂದಿಲ್ಲವಲ್ಲ ಅಂತ ಕಾಯುತ್ತಿದ್ದೆ. ರೆಜ್ ಪಾರ್ಕ್ ಲೀಡ್ಸ್‌ನವನು! 1951, 58, 65 ಮೂರು ಸಲ ಮಿಸ್ಟರ್ ಯೂನಿವರ್ಸ್. ಆರ್ನಾಲ್ಡ್ ಹುಡುಗನಾಗಿದ್ದಾಗ ಮಾದರಿ ಮಾಡಿಕೊಂಡಿದ್ದು ಇವನನ್ನೇ. ಬೆಂಚ್ ಪ್ರೆಸ್‌ನಲ್ಲಿ 500 ಪೌಂಡ್, ಅಂದರೆ ಸುಮಾರು 227 ಕಿಲೋ ಎತ್ತಿದವನು, ಅದೂ ಐವತ್ತರ ದಶಕದಲ್ಲಿ. ಅವನ ಐದು ಸೆಟ್, ಐದು ರೆಪ್ ಪದ್ಧತಿಯನ್ನು (ಐದೈದು ಸಲ ಎತ್ತುವುದು, ಅಂಥ ಐದು ಸುತ್ತು) ನಾನು ಇಲ್ಲಿ ಚಳಿಗಾಲ ಪೂರ್ತಿ ಮಾಡುತ್ತೇನೆ. ಮೊದಲ ಎರಡು ಸೆಟ್ ಭಾರ ಏರಿಸುತ್ತಾ ಮೈ ಬಿಸಿ ಮಾಡುವುದಕ್ಕೆ. ಉಳಿದ ಮೂರು ಒಂದೇ ಭಾರದಲ್ಲಿ. ಮೂರರಲ್ಲೂ ಐದೈದು ಮುಗಿದರೆ ಮುಂದಿನ ಸಲ ಸ್ವಲ್ಪ ಏರಿಸು. ಯೋಚನೆಯೇ ಬೇಕಿಲ್ಲ. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಹೇಳಿ ಮಾಡಿಸಿದ್ದು.

ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಬರ್ಮಿಂಗ್‌ಹ್ಯಾಮ್, ಡೋರಿಯನ್ ಯೇಟ್ಸ್ ಊರು. 1992ರಿಂದ 97ರವರೆಗೆ ಆರು ಸಲ ಒಲಿಂಪಿಯಾ. ನೆಲಮಾಳಿಗೆಯ ಟೆಂಪಲ್ ಜಿಮ್. ಅವನ ಪದ್ಧತಿ ಪಾರ್ಕ್‌ಗಿಂತ ಬೇರೆ. ಒಂದು ವ್ಯಾಯಾಮಕ್ಕೆ ಒಂದೇ ನಿಜವಾದ ಸೆಟ್, ಆದರೆ ಅದರಲ್ಲಿ ಪ್ರಾಣ ಬಿಡುವಷ್ಟು. ಸರ್, ನಿಮಗೆ ಯಾವುದು ಸರಿ ಅನ್ನಿಸುತ್ತದೆ?

ಹಳೇ ಬಾರ್‌ಬೆಲ್ (ದಾವಣಗೆರೆ)

ಈಗ ಬಂತು ತರಬೇತಿಯ ಮಾತು.

ಒಂದು ಕಡೆ ಆರ್ನಾಲ್ಡ್. ವಾರಕ್ಕೆ ಆರು ದಿನ, ಸ್ಪರ್ಧೆ ಹತ್ತಿರ ಬಂದರೆ ದಿನಕ್ಕೆ ಎರಡು ಸಲ, ಸೆಟ್ ಮೇಲೆ ಸೆಟ್. ಇನ್ನೊಂದು ಕಡೆ ನಾಟಿಲಸ್ ವ್ಯಾಯಾಮ ಮೆಷಿನ್ ಮಾಡಿದ ಆರ್ಥರ್ ಜೋನ್ಸ್, ಮೆಂಟ್ಜರ್, ಯೇಟ್ಸ್. ಕಡಿಮೆ ಮಾಡು, ಆದರೆ ಇನ್ನೊಂದು ರೆಪ್ ಸಾಧ್ಯವೇ ಇಲ್ಲ ಅನ್ನುವವರೆಗೆ ಮಾಡು. ಇವೆರಡರ ನಡುವೆ ಲೀ ಹೇನಿ, ಎಂಟು ಸಲ ಒಲಿಂಪಿಯಾ ಗೆದ್ದವನು. ಸ್ನಾಯುವನ್ನು ಎಬ್ಬಿಸು, ನಾಶ ಮಾಡಬೇಡ ಅನ್ನುವುದು ಅವನ ಮಂತ್ರ. ದೊಡ್ಡ ಗಾಯ ಇಲ್ಲದೆ ನಿವೃತ್ತಿಯಾದ. ಯೇಟ್ಸ್ ಬೈಸೆಪ್ ಹರಿದುಕೊಂಡ, ಕೊನೆಗೆ ಟ್ರೈಸೆಪ್ ಹರಿದುಕೊಂಡು ನಿಲ್ಲಿಸಿದ. ಕೋಲ್ಮನ್ 800 ಪೌಂಡ್ ಹೆಗಲ ಮೇಲಿಟ್ಟು ಎರಡು ಸಲ ಕೂತು ಎದ್ದವನು, ಈಗ ಬೆನ್ನಿಗೆ ಆಪರೇಷನ್ ಮೇಲೆ ಆಪರೇಷನ್ ಆಗಿ ಊರುಗೋಲು. ನಾನು ಅವನನ್ನು ಹಳಿಯುತ್ತಿಲ್ಲ. ಪೊಲೀಸ್ ಕೆಲಸ ಮಾಡಿಕೊಂಡೇ ಚಾಂಪಿಯನ್ ಆದ ಮನುಷ್ಯ, ಅಂಥ ಛಲ ನೂರಕ್ಕೆ ಒಬ್ಬರಿಗೆ. ಆದರೆ ಆ ದಾರಿಯ ಬೆಲೆ ಎಷ್ಟು ಅಂತ ಕಣ್ಣೆದುರಿಗೇ ಇದೆ.

ಆರ್ನಾಲ್ಡ್ ಪದ್ಧತಿ ಔಷಧಿ ಇಲ್ಲದ ಹುಡುಗನಿಗೆ ಜೀರ್ಣ ಆಗುವುದಿಲ್ಲ. ಆಫೀಸು, ಬಸ್ಸು, ನಿದ್ದೆ ಆರು ಗಂಟೆ. ಅವನು ಯಾವಾಗ ಚೇತರಿಸಿಕೊಳ್ಳಬೇಕು? ಮೆಂಟ್ಜರ್ ಪದ್ಧತಿ ಇನ್ನೊಂದು ತುದಿ. ಹೊಸಬರಿಗೆ ನಿಜವಾದ ಕೊನೇ ರೆಪ್ ಯಾವುದು ಅಂತಲೇ ಗೊತ್ತಿರುವುದಿಲ್ಲ. ನೋವಾದ ಕೂಡಲೇ ಮುಗಿಯಿತು ಅಂದುಕೊಳ್ಳುತ್ತಾರೆ. ಇಲ್ಲವೇ ರಾಡ್ ಎದೆ ಮೇಲೆ ಬೀಳಿಸಿಕೊಳ್ಳುತ್ತಾರೆ.

ನನ್ನ ಮಟ್ಟಿಗೆ ರೀವ್ಸ್, ಪಾರ್ಕ್ ದಾರಿಯೇ ಸರಿ. ವಾರಕ್ಕೆ ಮೂರು ದಿನ, ಪ್ರತಿ ದಿನ ಇಡೀ ಮೈ. ಒಂದು ಸ್ಕ್ವಾಟ್, ಒಂದು ತಳ್ಳುವುದು, ಒಂದು ಎಳೆಯುವುದು, ತಲೆ ಮೇಲಕ್ಕೆ ಒಂದು ಪ್ರೆಸ್, ಕೊನೆಗೆ ತೋಳು ಮತ್ತು ಮೀನಖಂಡಕ್ಕೆ ಸ್ವಲ್ಪ. ಡೆಡ್‌ಲಿಫ್ಟ್ ವಾರಕ್ಕೆ ಒಂದೇ ದಿನ ಸಾಕು. ಸೆಟ್ ಮುಗಿದಾಗ ಇನ್ನೊಂದೆರಡು ರೆಪ್ ಬಾಕಿ ಇರಲಿ. ನಡುವಿನ ದಿನ ನಡೆಯಿರಿ. ಮುಗಿಯಿತು. ಇದರಲ್ಲಿ ರೀಲ್ಸ್ ಮಾಡುವಂಥದ್ದು ಏನೂ ಇಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ.

ಕುಡ್ಲ ಐರನ್

ಅಂಕಲ್, ನಾನು ಕೋಚಿಂಗ್ ಮಾಡುವವನು, ಇಲ್ಲಿ ಸ್ವಲ್ಪ ತಡೆಯುತ್ತೇನೆ. ಮೊದಲ ಒಂದೆರಡು ವರ್ಷಕ್ಕೆ ಮೂರು ದಿನದ ಫುಲ್ ಬಾಡಿ ಚಿನ್ನ, ಒಪ್ಪಿದೆ. ಆಮೇಲೆ ಭಾರ ಜಾಸ್ತಿ ಆದಂತೆ ಒಂದೇ ದಿನ ಎಲ್ಲ ಮಾಡಲು ಎರಡು ಗಂಟೆ ಬೇಕು, ಕೊನೆಯಲ್ಲಿ ಬರುವ ಭುಜ, ತೋಳಿಗೆ ದಮ್ಮೇ ಇರುವುದಿಲ್ಲ. ಆಗ ಮೇಲಿನ ಮೈ ಎರಡು ದಿನ, ಕೆಳಗಿನ ಮೈ ಎರಡು ದಿನ ಅಂತ ಒಡೆಯುವುದೇ ಒಳ್ಳೆಯದು. ಪ್ರತಿ ಸ್ನಾಯುವಿಗೆ ವಾರಕ್ಕೆ ಎರಡು ಸಲ, ಒಟ್ಟು ಹತ್ತು ಸೆಟ್ ಆಸುಪಾಸು. 'ಸೋಮವಾರ ಎದೆ, ಮುಂದಿನ ಸೋಮವಾರದವರೆಗೆ ಎದೆ ಮುಟ್ಟಬೇಡ' ಅನ್ನುವ ಪದ್ಧತಿ ಮಾತ್ರ ಬಿಡಬೇಕು. ಅದರಲ್ಲಿ ನಾನು ನಿಮ್ಮ ಕಡೆ.

ಹಳೇ ಬಾರ್‌ಬೆಲ್ (ದಾವಣಗೆರೆ)

ಸರಿ, ನಾಲ್ಕು ದಿನಕ್ಕೆ ನನ್ನ ತಕರಾರಿಲ್ಲ. ಆರು ದಿನ ಅಂದರೆ ಮಾತ್ರ ಜಗಳಕ್ಕೆ ಬರುತ್ತೇನೆ.

ಡಾಕ್ಟರ್ ಬಿ

ಮೇಲೆ 'ಸೂಜಿ' ಅಂತ ಬಂತು. ಅದರ ಬಗ್ಗೆ ಸ್ವಲ್ಪ ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ನಮ್ಮ ಬಳಿಗೆ ಬರುವ ಹುಡುಗರಿಗೆ ಮೊಡವೆ ಬರುತ್ತದೆ ಅನ್ನುವುದು ಬಿಟ್ಟರೆ ಬೇರೆ ಗೊತ್ತಿರುವುದಿಲ್ಲ. ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿದರೆ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೀರ್ಯಾಣು ಕಡಿಮೆಯಾಗುತ್ತದೆ. ಮದುವೆಯಾಗಿ ಮಕ್ಕಳಾಗಲಿಲ್ಲ ಅಂತ ಬರುವವರಲ್ಲಿ ಇದೂ ಒಂದು ಕಾರಣ. ಒಳ್ಳೆ ಕೊಲೆಸ್ಟ್ರಾಲ್ ಕುಸಿಯುತ್ತದೆ. ಹೃದಯದ ಗೋಡೆ ದಪ್ಪವಾಗುತ್ತದೆ. ಎದೆಯ ಸ್ನಾಯು ಬೆಳೆದಿದ್ದು ಕನ್ನಡಿಯಲ್ಲಿ ಕಾಣುತ್ತದೆ, ಹೃದಯದ್ದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಮಾತ್ರ. ಮಾತ್ರೆ ರೂಪದವು ಲಿವರ್‌ಗೆ ಇನ್ನೂ ಕೆಟ್ಟದ್ದು.

ಸ್ಪರ್ಧೆಗೆ ಮುಂಚೆ 'ಡ್ರೈ' ಆಗುವುದಕ್ಕೆ ನೀರಿಳಿಸುವ ಮಾತ್ರೆ ನುಂಗುತ್ತಾರಲ್ಲ, ತಕ್ಷಣ ಪ್ರಾಣ ತೆಗೆಯುವುದು ಅದೇ. ಪೊಟ್ಯಾಸಿಯಂ ಏರುಪೇರಾದರೆ ಹೃದಯ ತಾಳ ತಪ್ಪುತ್ತದೆ. 1992ರಲ್ಲಿ ಮೊಹಮ್ಮದ್ ಬೆನಜೀಝಾ ಸ್ಪರ್ಧೆ ಗೆದ್ದು ಕೆಲವೇ ಗಂಟೆಗಳಲ್ಲಿ ತೀರಿಕೊಂಡ. 1996ರಲ್ಲಿ ಆಂಡ್ರಿಯಾಸ್ ಮ್ಯೂಂಜರ್, 31 ವರ್ಷ, ಅಂಗಾಂಗಗಳು ಒಂದೊಂದಾಗಿ ಕೈಕೊಟ್ಟವು. ಅವನ ಮೈಮೇಲೆ ಕೊಬ್ಬೇ ಇಲ್ಲ ಅಂತ ಪ್ರಪಂಚವೆಲ್ಲ ಹೊಗಳುತ್ತಿತ್ತು. ಈಗಾಗಲೇ ಹಾಕಿಸಿಕೊಂಡವರು ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ, ಡಾಕ್ಟರ್ ಹತ್ತಿರ ನಿಜ ಹೇಳಿ. ನಾವು ಪೊಲೀಸರಲ್ಲ.

ಹೊಸಬ

ಥ್ಯಾಂಕ್ಸ್ ಡಾಕ್ಟ್ರೇ. ಊಟದ ಬಗ್ಗೆ ಯಾರಾದರೂ ಹೇಳಿ. ಡಬ್ಬದ ಪೌಡರ್ ಇಲ್ಲದೆ ಆಗುತ್ತದಾ? ತಿಂಗಳಿಗೆ ಅಷ್ಟು ದುಡ್ಡು ಇಲ್ಲ.

ತಾಲೀಮು ಮನಿ (ಬಾಗಲಕೋಟೆ)

ಆಗತೈತಿ ತಮ್ಮಾ. ಜೋಳದ ರೊಟ್ಟಿ, ಮೊಳಕೆ ಕಾಳು, ಶೇಂಗಾ, ಹಾಲು, ತತ್ತಿ. ನಮ್ಮ ಪೈಲ್ವಾನರು ಡಬ್ಬ ಎಲ್ಲಿ ನೋಡಿದ್ದರು?

ಕುಡ್ಲ ಐರನ್

ಲೆಕ್ಕ ಹಾಕಿ ಹೇಳುತ್ತೇನೆ. ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಸಾಕು. ನಿಮಗೆ ಸುಮಾರು 104 ಗ್ರಾಂ. ಐದು ಮೊಟ್ಟೆ 30 ಗ್ರಾಂ. ಅರ್ಧ ಲೀಟರ್ ಹಾಲು 16. ನೂರು ಗ್ರಾಂ ಹೆಸರುಕಾಳು 24, ನೆನೆಸುವ ಮುಂಚಿನ ತೂಕ. ಐವತ್ತು ಗ್ರಾಂ ಶೇಂಗಾ 12. ಉಳಿದ ಇಪ್ಪತ್ತು ಅನ್ನ, ಮುದ್ದೆ, ಚಪಾತಿ, ಸಾರಿನ ಬೇಳೆಯಲ್ಲೇ ಬರುತ್ತದೆ. ನಮ್ಮ ಕಡೆಯವರಾದರೆ ಬಂಗುಡೆ ತಿನ್ನಿ, ಲೆಕ್ಕ ಇನ್ನೂ ಸುಲಭ. ಪೌಡರ್ ಅನುಕೂಲಕ್ಕೆ ಮಾತ್ರ.

ಅಂಕಲ್, ಕೊನೇ ಪ್ರಶ್ನೆ ನನ್ನದು. ನನ್ನ ಹುಡುಗರಿಗೆ ಮೀನಖಂಡ ಬೆಳೆಯುವುದೇ ಇಲ್ಲ. ಹುಟ್ಟಿನಿಂದ ಬಂದದ್ದು, ಬಿಡು ಅಂತಾರೆ ಎಲ್ಲರೂ.

ಹಳೇ ಬಾರ್‌ಬೆಲ್ (ದಾವಣಗೆರೆ)

ಅರ್ಧ ನಿಜ. ಸ್ನಾಯು ಎಲ್ಲಿ ಮುಗಿದು ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಎಲ್ಲಿ ಶುರುವಾಗುತ್ತದೆ ಅನ್ನುವುದು ಹುಟ್ಟಿನಿಂದಲೇ ಬರುತ್ತದೆ. ಆದರೆ ಆರ್ನಾಲ್ಡ್‌ಗೂ ಮೊದಲು ಕಾಫ್ (ಮೀನಖಂಡ) ಸಣ್ಣದೇ ಇತ್ತು. ರೆಜ್ ಪಾರ್ಕ್ ಜೊತೆ ವ್ಯಾಯಾಮ ಮಾಡಿದಾಗ ಪಾರ್ಕ್ ಕಾಫ್‌ಗೆ ಹಾಕುವ ಭಾರ ನೋಡಿ ದಂಗಾದ. ಆಮೇಲೆ ಪ್ಯಾಂಟಿನ ಕಾಲು ಕತ್ತರಿಸಿ ಎಲ್ಲರಿಗೂ ಕಾಣುವ ಹಾಗೆ ಮಾಡಿಕೊಂಡ, ನಾಚಿಕೆಯಿಂದಾದರೂ ಬಿಡದೆ ಮಾಡಬೇಕು ಅಂತ.

ನಿನ್ನ ಹುಡುಗರು ಮಾಡುವುದನ್ನು ಒಂದು ಸಲ ಪಕ್ಕದಲ್ಲಿ ನಿಂತು ನೋಡು. ಕುಣಿದ ಹಾಗೆ ಮಾಡುತ್ತಿರುತ್ತಾರೆ. ಮೆಟ್ಟಿಲ ಅಂಚಿನಲ್ಲಿ ನಿಲ್ಲಿಸು. ಹಿಮ್ಮಡಿ ಪೂರ್ತಿ ಕೆಳಗೆ ಇಳಿಯಲಿ, ಅಲ್ಲಿ ಎರಡು ಎಣಿಸುವಷ್ಟು ಹೊತ್ತು ನಿಲ್ಲಲಿ, ಆಮೇಲೆ ತುದಿಗಾಲಿನವರೆಗೆ ಏರಲಿ. ಮೊದಲು ಭಾರ ಬೇಡ. ಒಂದೊಂದೇ ಕಾಲಲ್ಲಿ ಹದಿನೈದು ಹೀಗೆ ಬಂದ ಮೇಲೆ ಕೈಯಲ್ಲಿ ಡಂಬೆಲ್ ಕೊಡು. ವ್ಯಾಯಾಮದ ಕೊನೆಗೆ ಇಡಬೇಡ, ಮೊದಲೇ ಮಾಡಿಸು, ಕೊನೆಗೆ ಇಟ್ಟರೆ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ.